ಇಂದುಮತಿ ಹೆಸರಿನ ಪದಕ

ಭೀಮಾ ತೀರ,
ಕ್ರಿ.ಶ. 2171, ಫೆಬ್ರವರಿ 30

ಪೂಜ್ಯ ನಿಜಗುಣಪ್ಪ ಹಂಚಿನಾಳ ಅವರಿಗೆ ನೀಲಾಂಬಿಕೆ ಕೆಂಭಾವಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ರಜೆ ಎಂದು ಬಿಟ್ಟಿದ್ದಾರೆ. ಈ ಕಾಗದದಲ್ಲಿ ನಿಮಗೆ ತಿಳಿಯದ ಇನ್ನೂ ಕೆಲವು ಮಾತುಗಳು ಬರಬಹುದು. ಸಾಧ್ಯವಾದಷ್ಟು ಬಿಡಿಸಿ ಹೇಳುತ್ತೇನೆ, ಉಳಿದದ್ದಕ್ಕೆ ಕ್ಷಮೆ ಇರಲಿ. ಭೌತಶಾಸ್ತ್ರ ಓದಿದವಳಾದ್ದರಿಂದ, ಹಿಂದಿನ ಕಾಲಕ್ಕೆ ಕಾಗದ ಹೋಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ನಡೆದದ್ದನ್ನು ಮೊದಲು ನಿಮಗೆ ಹೇಳಬೇಕು ಅನ್ನಿಸಿತು. ಮೋಸ ನನಗೂ ಆಗಿದೆ, ಆದರೆ ಮೊದಲು ಆಗಿರುವುದು ನಿಮಗೆ.

ನಿಮ್ಮ ದತ್ತಿಪತ್ರವನ್ನು ನಾನು ಓದಿದ್ದೇನೆ. ನಾಲ್ಕು ಪುಟ, ನಿಮ್ಮದೇ ಕೈಬರಹ. ನೀವು ನಮ್ಮ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದಿರಿ ಎಂದೂ, ನಿಮ್ಮ ಮಗಳು ಇಂದುಮತಿ ಅದೇ ವಿಭಾಗದಲ್ಲಿ ಎಂ.ಎಸ್ಸಿ. ಓದುತ್ತ ಇಪ್ಪತ್ತೆರಡನೆಯ ವಯಸ್ಸಿಗೆ ಡೆಂಗಿ ಜ್ವರದಲ್ಲಿ ತೀರಿಕೊಂಡಳು ಎಂದೂ ಅದರಲ್ಲಿದೆ. ಅವಳ ಕೊನೆಯ ಪ್ರಯೋಗದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ಗೆಳತಿಯರು ತಿದ್ದು ಎಂದರೂ ತಿದ್ದದೆ ಅಂಕ ಕಳೆದುಕೊಂಡಳು. ಅದಕ್ಕೇ ನೀವು ಬಹುಮಾನಕ್ಕೆ ಒಂದೇ ಒಂದು ನಿಯಮ ಇಟ್ಟಿರಿ: ಕೈಯಾರೆ ಪ್ರಯೋಗ ಮಾಡಿ, ಬಂದ ಅಳತೆಯನ್ನು ಬಂದ ಹಾಗೆಯೇ ಬರೆದವರಿಗೆ ಕೊಡಬೇಕು, ಉತ್ತರ ತಪ್ಪಾದರೂ ಸರಿ. ಪರಿಶೀಲನೆಗೆ ರಫ್ ನೋಟ್‌ಬುಕ್ಕನ್ನೂ ಒಪ್ಪಿಸಬೇಕು.

ನಮ್ಮ ಕಾಲದಲ್ಲಿ ಈ ನಿಯಮಕ್ಕೆ ಹೊಂದುವ ವಿದ್ಯಾರ್ಥಿಗಳೇ ಕಡಿಮೆ. ಅಳೆಯುವುದು, ಲೆಕ್ಕ ಹಾಕುವುದು, ತೀರ್ಮಾನ ಹೇಳುವುದು ಎಲ್ಲವನ್ನೂ ಎಣಿಗ ಎಂಬ ಯಂತ್ರ ಮಾಡುತ್ತದೆ. ನಾವು ಅದರ ಮುಂದೆ ಕೂತು ಪ್ರಶ್ನೆ ಕೇಳುತ್ತೇವೆ. ಬಿಸಿಲಿನ ಕಾರಣ ನಮ್ಮ ದಿನವೂ ನಿಮ್ಮ ದಿನದಂತಿಲ್ಲ. ನಸುಕಿಗೆ ಪಾಠ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಆಮೇಲೆ ಸಂಜೆಯವರೆಗೆ ಹೊತ್ತುಬಿಡುವು. ಅಂಗಡಿ, ಕಚೇರಿ, ಬಸ್ಸು ಎಲ್ಲ ಬಂದ್. ಜನ ವಾಸ ಮಾಡುವುದು ಇಳಿಗೇರಿಗಳಲ್ಲಿ. ನೆಲವನ್ನು ಮೂರಾಳು ಆಳಕ್ಕೆ ಕೊರೆದು, ತಗ್ಗಿನಲ್ಲಿ ರಸ್ತೆ ಮಾಡಿ, ಎರಡೂ ಪಕ್ಕದ ಮಣ್ಣಿನೊಳಗೆ ಮನೆ ಕಟ್ಟಿರುತ್ತಾರೆ. ಗೋಡೆಗಳೊಳಗಿನ ಕೊಳವೆಯಲ್ಲಿ ತಣ್ಣೀರು ಹರಿಯುತ್ತದೆ. ಮೇ ತಿಂಗಳಲ್ಲೂ ಒಳಗೆ ಚಾದರ ಹೊದೆಯಬಹುದು. ನಮ್ಮೂರಲ್ಲಿ ಇಂಥ ಹನ್ನೊಂದು ಗೇರಿಗಳಿದ್ದವು. ಅವುಗಳ ನೆಲ ಗಟ್ಟಿಯಾಗಿದೆ ಎಂದು ಐದು ವರ್ಷದ ಹಿಂದೆ ಸಹಿ ಹಾಕಿ ಕೊಟ್ಟದ್ದು ನಮ್ಮ ವಿಭಾಗವೇ.

ಆ ಸಹಿ ನನ್ನ ಗುರುಗಳದು, ಡಾ. ಸರ್ವಮಂಗಳಾ ಮಮದಾಪುರ ಅವರದು. ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಎಂ.ಎಸ್ಸಿ. ಮೊದಲ ವರ್ಷ ನನ್ನ ತಾಯಿ ತೀರಿಕೊಂಡಾಗ ಪರೀಕ್ಷೆ ಮುಗಿಯುವವರೆಗೂ ತಮ್ಮ ಮನೆಯಲ್ಲಿ ಇಟ್ಟುಕೊಂಡು ಬಿಸಿ ರೊಟ್ಟಿ ಹಾಕಿದವರು ಅವರು. ನನ್ನ ತಲೆ ಬಾಚಿದ್ದಾರೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಬರೆಯುವುದನ್ನು ಓದಿ ಅವರು ಮೊದಲಿನಿಂದಲೂ ಕೆಟ್ಟವರು ಎಂದು ನೀವು ತಿಳಿಯಬಾರದು. ಹಾಗಿದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಕೊನೆಯ ವರ್ಷದ ಕೆಲಸಕ್ಕೆ ನಾನು ತೂಕಗೋಲು ತೆಗೆದುಕೊಂಡೆ. ಯಾವ ಜಾಗದಲ್ಲಿ ಭೂಮಿ ತನ್ನ ಕಡೆಗೆ ಎಷ್ಟು ಜಗ್ಗುತ್ತದೆ ಎಂದು ತೋರಿಸುವ ಹಳೆಯ ಉಪಕರಣ ಅದು. ನೆಲದ ಕೆಳಗೆ ಟೊಳ್ಳಿದ್ದರೆ ಆ ಜಗ್ಗು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಹದಿನಾಲ್ಕು ವಾರ, ಪ್ರತಿ ಗೇರಿಗೂ ಹೋಗಿ ಕೈಯಿಂದಲೇ ಅಳೆದೆ. ಹತ್ತು ಗೇರಿಗಳಲ್ಲಿ ಅಳತೆ ಅಲುಗಲಿಲ್ಲ. ಏಳನೆಯ ಗೇರಿಯ ತುದಿಯಲ್ಲಿ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿತ್ತು.

ಆ ತುದಿಯ ಮನೆ ಖೈರುನ್ನಬಿ ಚಾಚಿಯದು. ರೊಟ್ಟಿ ಬಡಿದು ಮಾರುತ್ತಿದ್ದರು. ಗಂಡ ದಸ್ತಗೀರ ಚಾಚಾ ಗಾರೆ ಕೆಲಸದ ಗೌಂಡಿ; ಆ ಗೇರಿಯನ್ನು ಅಗೆದವರಲ್ಲಿ ಒಬ್ಬರು.

"ವಾರಾ ವಾರಾ ಏನ ಅಳೀತಿಯವ್ವಾ? ನೆಲಾ ಏನ್ ಬೆಳೀತದೇನ?" ಎಂದು ಚಾಚಿ ನಕ್ಕಿದ್ದರು.

"ಬೆಳಿಯೂದಿಲ್ಲ ಚಾಚಿ. ಕೆಳಗ ಟೊಳ್ಳ ಐತೇನು ಅಂತ ನೋಡ್ತೀನಿ."

ಚಾಚಾ ನಗಲಿಲ್ಲ. "ಇಲ್ಲಿ ಹಿಂದಕ ಫರಸಿ ಕಲ್ಲಿನ ಖಣಿ ಇತ್ತಂತ. ನಾವ್ ಅಗಿಯೂ ಮುಂದ ಮಣ್ಣು ಸಡ್ಲ ಇತ್ತು. ನಾ ಹೇಳಿದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ದೀವಳಿಗಿಯಿಂದ ಈ ಬಾಗಲಾ ಕೂಡವಲ್ದು, ನೋಡು." ಬಾಗಿಲನ್ನು ದಬ್ಬಿ, ಅದು ಮುಚ್ಚದಿರುವುದನ್ನು ತೋರಿಸಿದರು. ಅಂದಿನಿಂದ ನಾನು ಪ್ರತಿ ವಾರ ಕೂಗಿ ಹೇಳಿದ ಅಂಕಿಯನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಿಂದ ತಾರೀಖಿನ ಸಮೇತ ಬರೆದುಕೊಳ್ಳುತ್ತಿದ್ದರು. "ನೀ ಬರಕೊಂಡ್ ಹೋಗ್ತಿ. ನಮಗೂ ಒಂದ್ ಇರ್ಲಿ." ಅಂಕಿ ಇಳಿದರೆ ಏನರ್ಥ ಎಂದು ನಾನಿನ್ನೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಅಳತೆಗಳನ್ನೆಲ್ಲ ಚೊಕ್ಕವಾಗಿ ಬರೆದ ವಹಿ ಒಪ್ಪಿಸಿದಾಗ ಅಕ್ಕೋರು ಏಳನೆಯ ಗೇರಿಯ ಪುಟದಲ್ಲಿ ಬಹಳ ಹೊತ್ತು ನಿಂತರು. "ಎಣಿಗ ಹಿಂಗ ಹೇಳೂದಿಲ್ಲಲ್ಲವ್ವಾ. ಮತ್ತೊಮ್ಮೆ ಅಳಿ," ಎಂದರು. ಅಳೆದೆ. ಮತ್ತೆ ಎಂದರು. ಮತ್ತೆ ಅಳೆದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಎಣಿಗ ಕಸ ಎಂದು ತೆಗೆದುಹಾಕುತ್ತದೆ ಎಂಬುದನ್ನು ನಾನೇ ಅವರಿಗೆ ಲೆಕ್ಕ ಮಾಡಿ ತೋರಿಸಿದೆ. ಕೊನೆಗೆ ಅವರು ನನ್ನ ಬೆನ್ನು ಸವರಿ, "ಆತು. ಬರದದ್ದು ಬರದಂಗ ಇರ್ಲಿ. ನಾನೇ ಸಹಿ ಮಾಡಿ ನಗರಸಭೆಗೂ ಕಳಸ್ತೀನಿ," ಎಂದರು. ನಿಮ್ಮ ನಿಯಮದಂತೆ ರಫ್ ನೋಟ್‌ಬುಕ್ಕನ್ನೂ ಅವರ ಕೈಗೇ ಕೊಟ್ಟೆ. ಅಂದು ಮನೆಗೆ ಹೋಗುವಾಗ ಬಹಳ ಹಗುರಾಗಿದ್ದೆ.

ಒಂದು ತಿಂಗಳಿಗೆ ಇಂದುಮತಿ ಸ್ಮಾರಕ ಬಹುಮಾನ ನನಗೆ ಎಂದು ಪ್ರಕಟವಾಯಿತು. ಸಮಾರಂಭದಲ್ಲಿ ನನ್ನ ತಂದೆ ಎರಡನೆಯ ಸಾಲಿನಲ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ನಿಮ್ಮ ಮಗಳ ಫೋಟೋಕ್ಕೆ ಹಾರ ಹಾಕಿದರು. ಕುಲಸಚಿವರು ಪ್ರಶಸ್ತಿಯ ಒಕ್ಕಣೆ ಓದಿದರು: "ನಗರದ ಹನ್ನೊಂದೂ ಇಳಿಗೇರಿಗಳ ನೆಲ ಸಂಪೂರ್ಣ ಭದ್ರವಾಗಿದೆ ಎಂದು ಕೈಯಾರೆ ಅಳೆದು ಸಾಬೀತುಪಡಿಸಿದ ವಿದ್ಯಾರ್ಥಿನಿಗೆ…"

ನಾನು ಅಕ್ಕೋರ ಮುಖ ನೋಡಿದೆ. ಅವರು ಪದಕವನ್ನು ನನ್ನ ಕೊರಳಿಗೆ ಹಾಕುತ್ತ ಕಿವಿಯ ಹತ್ತಿರ ಬಾಗಿ, "ಈಗ ಏನೂ ಅನಬ್ಯಾಡ. ಆಮ್ಯಾಲ ಹೇಳ್ತೀನಿ," ಎಂದರು.

ನಾನು ಸಭೆಯ ಕಡೆ ತಿರುಗಿದೆ. ಕೈ ಮುಗಿದೆ. ಜನ ಚಪ್ಪಾಳೆ ತಟ್ಟಿದರು. ತಂದೆ ಅಳುತ್ತಿದ್ದರು.

ಆಮೇಲೆ ಅವರ ಕೋಣೆಯಲ್ಲಿ ನನ್ನ ವಹಿಯನ್ನು ಬಿಡಿಸಿ ತೋರಿಸಿದರು. ನನ್ನದೇ ಅಕ್ಷರ, ನನ್ನದೇ ಒತ್ತಕ್ಷರದ ಬಾಗು, ನನ್ನದೇ ಸಹಿ. ಏಳನೆಯ ಗೇರಿಯ ಅಂಕಿಗಳು ಮಾತ್ರ ಬೇರೆ. ಎಣಿಗಕ್ಕೆ ಯಾರ ಕೈಬರಹವಾದರೂ ಬರುತ್ತದೆ. ರಫ್ ನೋಟ್‌ಬುಕ್ಕು ಇರಲಿಲ್ಲ.

"ಹನ್ನೆರಡನೇ ಗೇರಿಗೆ ಮಂಜೂರಾತಿ ಬರೂದೈತಿ. ಈಗ ಇದು ಹೊರಗ ಬಂದ್ರ ನನ್ನ ಹಳೇ ಸಹಿ ಏನಾಗ್ತದ? ವಿಭಾಗ ಏನಾಗ್ತದ? ನಿನ್ನ ಮಗಳಂಗ ನೋಡೀನಿ ನೀಲಾ. ನಿನಗ ಪದಕಾ ಬಂತು, ಜೂನ್‌ಕ ನೌಕರೀನೂ ಆಗ್ತದ. ಇಷ್ಟೆಲ್ಲಾ ನಾ ಯಾರ ಸಲುವಾಗಿ ಮಾಡೀನಿ?"

"ಅಲ್ಲಿ ಮಂದಿ ಅದಾರ್ರಿ ಅಕ್ಕೋರ," ಎಂದೆ.

"ಕೂದಲೆಳಿಯಷ್ಟು ಫರಕಿಗೆ ನೆಲಾ ಕುಸಿಯೂದಿಲ್ಲ."

ಅವರ ಮಾತು ನಿಜವಿರಲಿ ಎಂದು ಬಯಸಿದೆ. ಬಯಸಿದ್ದನ್ನೇ ನಂಬಿದೆ. ಏಳನೆಯ ಗೇರಿಗೆ ಹೋಗುವುದನ್ನು ಬಿಟ್ಟೆ. ಚಾಚಿಯ ಎದುರು ನಿಂತರೆ ಬಾಯಿಂದ ಸತ್ಯ ಬಂದುಬಿಡುತ್ತದೆ ಎಂಬ ಹೆದರಿಕೆಗೆ ರೊಟ್ಟಿಯನ್ನೂ ಬೇರೆ ಕಡೆ ಕೊಂಡೆ. ಹೀಗೆ ನಲವತ್ತೊಂದು ದಿನ.

ನಲವತ್ತೆರಡನೆಯ ದಿನ, ಹೊತ್ತುಬಿಡುವಿನಲ್ಲಿ, ಊರೆಲ್ಲ ಮಲಗಿದ್ದಾಗ, ಏಳನೆಯ ಗೇರಿಯ ತುದಿ ಕುಸಿಯಿತು. ಕೊಳವೆಯ ನೀರು ಸೋರಿ, ಹಳೆಯ ಖಣಿಗೆ ತುಂಬಿದ್ದ ಮಣ್ಣನ್ನು ವರ್ಷಗಟ್ಟಲೆ ಕೊಚ್ಚಿಕೊಂಡು ಹೋಗಿತ್ತು. ಹನ್ನೆರಡು ಜನ ಸತ್ತರು. ಅವರಲ್ಲಿ ದಸ್ತಗೀರ ಚಾಚಾ ಒಬ್ಬರು. ಚಾಚಿ ರೊಟ್ಟಿಯ ಬುಟ್ಟಿ ಕೊಟ್ಟು ಬರಲು ಮೇಲೆ ಹೋಗಿದ್ದರಂತೆ.

ವಿಚಾರಣೆ ನಡೆಯಿತು. ನಾನಾಗಿಯೇ ಹೋಗಿ, ನನ್ನ ಅಳತೆಗಳನ್ನು ಬದಲಿಸಿದ್ದಾರೆ ಎಂದು ಹೇಳಿದೆ. ಅಧಿಕಾರಿ ಅಕ್ಕೋರನ್ನು ಕೇಳಿದರು. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಹುಡುಗಿ ತನ್ನ ಕೈಲೇ ಬರದು ಕೊಟ್ಟದ್ದನ್ನು ನಾನು ನಂಬಿದೆ ಸರ್. ಮಗಳಂಗ ನೋಡಿದ್ದೆ. ನಂಬಿದ್ದೇ ನನ್ನ ತಪ್ಪು."

ವಹಿ ಮೇಜಿನ ಮೇಲಿತ್ತು. ಅಕ್ಷರ ನನ್ನದು. ನನ್ನ ಕಡೆ ಒಂದು ಚೂರು ಕಾಗದವೂ ಇರಲಿಲ್ಲ. ಅವರ ದನಿ ಎಲ್ಲೂ ನಡುಗಲಿಲ್ಲ. ತಾಯಿ ಸತ್ತ ದಿನ ನನಗೆ ಸಮಾಧಾನ ಹೇಳಿದ ದನಿ ಅದೇ. ಆಗಲೂ ಇದು ಸುಳ್ಳೇ ಇತ್ತೇನೋ ಎಂಬ ಯೋಚನೆ ಬಂತು.

ಆಗ ಹಿಂದಿನ ಬೆಂಚಿನಿಂದ ಖೈರುನ್ನಬಿ ಚಾಚಿ ಎದ್ದರು. ಸೆರಗಿನಲ್ಲಿ ಸುತ್ತಿದ್ದ, ಮೊಳದುದ್ದದ ಕಟ್ಟಿಗೆಯ ತುಂಡನ್ನು ತಂದು ಮೇಜಿನ ಮೇಲಿಟ್ಟರು. ಕುಸಿದ ಮಣ್ಣಿನಲ್ಲಿ ಸಿಕ್ಕ ಅವರ ಬಾಗಿಲ ಚೌಕಟ್ಟು. ಅದರ ಮೇಲೆ ಚಾಚಾನ ಪೆನ್ಸಿಲ್ ಅಕ್ಷರ, ಹತ್ತು ತಾರೀಖು, ಹತ್ತು ಅಂಕಿ, ಒಂದಕ್ಕಿಂತ ಒಂದು ಕಡಿಮೆ.

"ಈ ಹುಡುಗಿ ಸುಳ್ಳ ಬರದಿಲ್ರೀ ಸಾಹೇಬ್ರ. ಆಕಿ ಕೂಗಿ ಹೇಳಿದ್ದನ್ನ ನಮ್ಮನಿಯವ್ರು ಬರದಾರ." ಇಷ್ಟು ಹೇಳಿ ನನ್ನ ಕಡೆ ತಿರುಗಿದರು. "ಹಂಗಾದ್ರ ನಿನಗ ಗೊತ್ತಿತ್ತು."

"ಗೊತ್ತಿತ್ತು ಚಾಚಿ."

"ಒಂದ್ ಮಾತ ಬಂದು ಹೇಳಿದ್ದಿದ್ರ ನಾವ್ ಎದ್ದು ಹೋಗ್ತಿದ್ವಿ. ನಮ್ಮ ಹತ್ರ ಏನಿತ್ತು ಹೊರಾಕ? ಒಂದ್ ರೊಟ್ಟಿ ಹಂಚು, ಎರಡ್ ಕೊಡ."

ನನ್ನನ್ನು ಉಳಿಸಿದವರೂ ಅವರೇ, ಈ ಮಾತು ಅಂದವರೂ ಅವರೇ.

ವರದಿ ಬಂತು. ತಪ್ಪು ಎಣಿಗದ್ದು ಎಂದು ಬರೆದಿದ್ದರು. ಆ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕಿದರು. ಅಕ್ಕೋರು ಶಾಲು ಹೊದ್ದು, ಗೌರವದಿಂದಲೇ ನಿವೃತ್ತರಾದರು. ಹೋಗುವ ಮುನ್ನ, ನಿಮ್ಮ ಬಹುಮಾನದ ನಿಯಮವನ್ನು "ಕಾಲಕ್ಕೆ ತಕ್ಕಂತೆ" ತಿದ್ದುವ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಬಂದ ಅಳತೆಯನ್ನು ಬಂದ ಹಾಗೆ ಬರೆಯಬೇಕೆಂಬ ನಿಮ್ಮ ಸಾಲು ಈಗ ಇಲ್ಲ. ಇನ್ನು ಮುಂದೆ ಹೆಚ್ಚು ಅಂಕ ಪಡೆದವರಿಗೆ ಪದಕ. ಹೆಸರು ಮಾತ್ರ ಇಂದುಮತಿಯದೇ. ಹೆಸರಿಗೆ ಗೌರವವಿದೆಯಂತೆ, ಅದನ್ನು ಬಿಡುವಂತಿಲ್ಲವಂತೆ.

ನಾನು ಪದಕ ಮರಳಿಸಲು ಹೋದೆ. ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದರು. ಕಾರಿಡಾರಿನ ಫಲಕದಲ್ಲಿರುವ ನನ್ನ ಹೆಸರನ್ನು ತೆಗೆಯಿರಿ ಎಂದೆ. ನಡುವೆ ಒಂದು ಸಾಲು ಖಾಲಿ ಬಿದ್ದರೆ ನೋಡಿದವರು ಕೇಳುತ್ತಾರೆ ಎಂದರು. ಜೂನಿನಲ್ಲಿ ಸಿಕ್ಕಿದ್ದ ನೌಕರಿ ಬಿಟ್ಟೆ. ಈಗ ಉಳಿದ ಗೇರಿಗಳಲ್ಲಿ ಒಬ್ಬಳೇ ಅಳೆಯುತ್ತೇನೆ, ಅಳೆದದ್ದನ್ನು ಅಲ್ಲೇ ನಿಂತು ಮನೆಯವರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಕೆಲವರು ಬಾಗಿಲು ತೆರೆಯುತ್ತಾರೆ, ಕೆಲವರು ಹುಚ್ಚಿ ಎನ್ನುತ್ತಾರೆ. ಚಾಚಿ ಈಗ ಮೂರನೆಯ ಗೇರಿಯಲ್ಲಿದ್ದಾರೆ. ನಾನು ಹೋದರೆ ಒಳಗೆ ಎದ್ದು ಹೋಗುತ್ತಾರೆ. ಅವರ ಮನೆಯ ಮುಂದೂ ನಿಂತು ಹೇಳಿಯೇ ಬರುತ್ತೇನೆ.

ನನ್ನದೊಂದು ಕೋರಿಕೆ ಇದೆ. ಈ ಕಾಗದ ಹೇಗಾದರೂ ನಿಮ್ಮನ್ನು ಮುಟ್ಟುವುದಾದರೆ, ದತ್ತಿಪತ್ರ ಹಿಡಿದು ಕುಲಸಚಿವರ ಕಚೇರಿಯ ಹೊರಗೆ ನೀವು ಕಾಯುತ್ತ ಕೂತಿರುವ ದಿನ ಮುಟ್ಟಲಿ. ಒಳಗೆ ನಿಮ್ಮನ್ನು ಬಹಳ ಮರ್ಯಾದೆಯಿಂದ ಕೂಡಿಸುತ್ತಾರೆ, ಚಹಾ ತರಿಸುತ್ತಾರೆ, ಮಗಳ ಹೆಸರು ಇನ್ನೂರು ವರ್ಷ ಉಳಿಯುತ್ತದೆ ಎನ್ನುತ್ತಾರೆ. ಅದೊಂದು ಮಾತನ್ನು ಅವರು ನಡೆಸಿಕೊಡುತ್ತಾರೆ. ನೀವು ಒಳಗೆ ಹೋಗಬೇಡಿ. ಎದ್ದು ಮನೆಗೆ ಹೋಗಿ. ಮಗಳಿಗಾಗಿ ಕೂಡಿಟ್ಟದ್ದರಲ್ಲಿ ನೀವೂ ನಿಮ್ಮ ಮನೆಯವರೂ ಒಮ್ಮೆ ಕಾರವಾರಕ್ಕೆ ಹೋಗಿ ಸಮುದ್ರ ನೋಡಿ ಬನ್ನಿ. ಇಂದುಮತಿ ಹೇಗೆ ನಗುತ್ತಿದ್ದಳು, ಯಾವುದಕ್ಕೆ ಹಟ ಮಾಡುತ್ತಿದ್ದಳು, ಅದನ್ನೆಲ್ಲ ದಂಡೆಯ ಮೇಲೆ ಕೂತು ಇಬ್ಬರೇ ಮಾತಾಡಿಕೊಳ್ಳಿ. ಅವಳ ಹೆಸರನ್ನು ಮಾತ್ರ ನಮ್ಮ ಕೈಗೆ ಕೊಡಬೇಡಿ.

ಇತಿ,
ಕ್ಷಮೆ ಕೇಳುವ ಯೋಗ್ಯತೆ ಇಲ್ಲದ,
ನೀಲಾಂಬಿಕೆ ಕೆಂಭಾವಿ