ಅವಳು ಬಿಟ್ಟುಹೋಗುವ ಜಾಗ

ಅಡುಗೆಮನೆಯ ಮೇಜು,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಬೆನ್ನುನೋವು ಈಗ ಹೇಗಿದೆ? ಹಡಗಿನ ಇಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಮತ್ತೆ ನೋವು ತಂದುಕೊಳ್ಳಬೇಡ ಮಾರಾಯ. ಭಾರ ಎತ್ತುವುದನ್ನು ಚಿಕ್ಕ ವಯಸ್ಸಿನವರಿಗೆ ಬಿಡು. ಇಲ್ಲಿ ಎಲ್ಲರೂ ಆರಾಮ. ನಿನ್ನ ಮಗಳು ಹೆಸರಿಗಷ್ಟೇ ಗುಬ್ಬಿ, ಊಟಕ್ಕೆ ಕೂತರೆ ಪಾತ್ರೆಯ ತಳ ಕಾಣಿಸುತ್ತಾಳೆ.

ರಾಷ್ಟ್ರೀಯ ಐಸ್ ಹಾಕಿ ತಂಡದ ಆಯ್ಕೆ ನಿನ್ನೆ ಮುಗಿಯಿತು. ಸಮಿತಿಯಲ್ಲಿ ನಾನೂ ಇದ್ದೆನಲ್ಲ. ರಕ್ಷಣೆಯ ಸಾಲಿನಲ್ಲಿ ಉಳಿದದ್ದು ಒಂದೇ ಜಾಗ, ಅದಕ್ಕೆ ಕಣ್ಣಿಟ್ಟವರು ಇಬ್ಬರು: ನಮ್ಮ ಗುಬ್ಬಿ, ಮತ್ತು ಎಲ್ಲರೂ 'ಸುಂಟರಗಾಳಿ' ಎಂದು ಕರೆಯುವ ಹುಡುಗಿ. ಗುಬ್ಬಿಯ ಆಟ ನಿನಗೆ ಗೊತ್ತು, ಜಪ್ಪಯ್ಯ ಎಂದರೂ ತನ್ನ ಜಾಗ ಬಿಟ್ಟು ಕದಲುವವಳಲ್ಲ. ಸುಂಟರಗಾಳಿಯ ಕೋಲಿಗೆ ಪಕ್ ಎಂಬ ಆ ರಬ್ಬರ್ ಬಿಲ್ಲೆ ಸಿಕ್ಕಿತೋ, ಹಿಂದೆಮುಂದೆ ನೋಡದೆ ಎದುರಾಳಿಯ ಗೋಲಿನತ್ತ ನುಗ್ಗುತ್ತಾಳೆ. ಗೋಲು ಹೊಡೆದರೆ ಪ್ರೇಕ್ಷಕರು ಎದ್ದು ಕುಣಿಯುತ್ತಾರೆ. ಪಕ್ ಕಳೆದುಕೊಂಡರೆ ನಮ್ಮ ಗೋಲಿನ ಮುಂದೆ ಬಟಾಬಯಲು.

ಆ ವಾದ ನೀನು ಕೇಳಬೇಕಿತ್ತು ಅಣ್ಣಾ. ಹೀಟರ್ ಕೆಟ್ಟ ಕೋಣೆ, ಕೋಟು ಹಾಕಿಕೊಂಡೇ ಬಿಸಿಬಿಸಿ ಜಗಳ. "ಅವಳನ್ನ ಕಟ್ಕೊಂಡ್ರೆ ಮುಳುಗ್ತೀವಿ ಕಣ್ರೀ" ಎಂದರು ಹಳೆಯ ನಾಯಕಿ. "ಹೆದರ್ಕೊಂಡು ದಡದಲ್ಲೇ ಕೂತ್ರೆ ಈಜೋದು ಯಾವಾಗ?" ಎಂದರು ಕೋಚಮ್ಮ. ನನ್ನ ಕುತೂಹಲವೇ ಬೇರೆ. ಅಪಾಯ ತಂದಿಡುವವಳು ಒಬ್ಬಳು, ಅದನ್ನು ಎದುರಿಸುವವಳು ಇನ್ನೊಬ್ಬಳಲ್ಲವೇ? ಗೋಲ್‌ಕೀಪರನ್ನೇ ಕೇಳೋಣ ಎಂದೆ. ಆಕೆ ಒದ್ದೆ ಕೂದಲಲ್ಲೇ ಬಂದಳು. "ಸುಂಟರಗಾಳಿನೇ ಇರ್ಲಿ. ನುಗ್ಗೋ ಮುಂಚೆ 'ಹೋದೆ!' ಅಂತ ಕಿರುಚ್ತಾಳೆ, ನಾನು ಸಜ್ಜಾಗ್ತೀನಿ. ಗುಬ್ಬಿ ಬಾಯೇ ಬಿಡಲ್ಲ. ಅವಳಿಗೇನು ಕಾಣಿಸ್ತಿದೆ ಅಂತ ನಂಗೆ ಗೊತ್ತೇ ಆಗಲ್ಲ" ಎಂದಳು.

ಮತ ಹಾಕುವಾಗ ನಾನು ಹೊರಗೆ ಬಂದೆ. ನಮ್ಮ ಮಗುವಿನ ವಿಷಯದಲ್ಲಿ ನಾನು ಕೈ ಎತ್ತುವುದು ಸರಿಯಲ್ಲ. ಒದ್ದೆ ಬೂಟುಗಳ ವಾಸನೆಯ ಕಾರಿಡಾರಿನಲ್ಲಿ ನಿಂತು ಉಗುರು ಕಚ್ಚಿದೆ. ಸುಂಟರಗಾಳಿ ಆಯ್ಕೆಯಾದಳು.

ಗುಬ್ಬಿಗೆ ನಾನೇ ಹೇಳಿದೆ, ಗೋಲ್‌ಕೀಪರ್ ಅಂದದ್ದನ್ನೂ ಮುಚ್ಚಿಡಲಿಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ. ಸ್ಕೇಟಿನ ದಾರ ಬಿಚ್ಚಿ ಸುತ್ತಿಟ್ಟಳು. ಆಮೇಲೆ, "ಅತ್ತೆ, ಅವಳು ಮುಂದೆ ಹೋದಾಗ ಆ ಜಾಗ ಯಾರು ನೋಡ್ಕೋತಾರೆ?" ಎಂದಳು. ಅಷ್ಟು ಕಿತ್ತಾಡಿದ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ! ತಡೆಯಲಾರದೆ ಕೋಚಮ್ಮನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. "ಇದು ನಿಮ್ಮ ತಲೆಗೆ ಬಂದಿದ್ದಲ್ಲ. ಯಾರದ್ದು ಹೇಳಿ" ಎಂದರು. ಹೇಳಿಬಿಟ್ಟೆ.

ಅತ್ತಿಗೆ ಬೇರೆ ಬರೆಯುತ್ತಾರಂತೆ. ಅದರಲ್ಲಿ ನನ್ನ ಮೇಲೆ ದೂರಿದ್ದರೆ ಅರ್ಧ ಮಾತ್ರ ನಂಬು. ಹೊತ್ತಿಗೆ ಸರಿಯಾಗಿ ಉಣ್ಣು, ಡೆಕ್ಕಿನ ಮೇಲೆ ಹೋಗುವಾಗ ಕಿವಿ ಮುಚ್ಚಿಕೋ.

ನಿನ್ನ ತಂಗಿ,
ಪುಟ್ಟಿ

ಮರೆಯುವ ಮುಂಚೆ: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಈಗಷ್ಟೇ ಕೋಚಮ್ಮನ ಫೋನ್ ಬಂತು. ಸುಂಟರಗಾಳಿಯ ಜೋಡಿಯಾಗಿ ಅಭ್ಯಾಸ ಮಾಡಲು ಗುಬ್ಬಿಯನ್ನು ಮೀಸಲು ಆಟಗಾರ್ತಿಯಾಗಿ ಕರೆದರಂತೆ. ನಿನ್ನ ಮಗಳು, "ಅತ್ತೆ ಸಮಿತಿಲಿ ಇರೋವರೆಗೂ ಬರಲ್ಲ. ಅವರಿಂದ ಒಳಗೆ ಬಂದಳು ಅನ್ನಿಸ್ಕೊಳ್ಳೋದು ನಂಗೆ ಬೇಡ" ಅಂದಳಂತೆ. ರಾಜೀನಾಮೆ ಬರೆದಾಯಿತು, ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ. ಬೇಜಾರಿಲ್ಲ, ನಿನ್ನಾಣೆ. ಸಮಿತಿಯಲ್ಲಿದ್ದಷ್ಟು ದಿನ ಬಾಯಿ ಮುಚ್ಚಿಕೊಂಡು ಆಟ ನೋಡಬೇಕಿತ್ತು. ಇನ್ನು ನಾನು ಗುಬ್ಬಿಯ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಬಹುದು!