ಆಟಿ ಅಮಾವಾಸ್ಯೆಯ ಹಾಜರಿ

ಮಡಂತ್ಯಾರು
ತಾ. ೨-೯-೧೯೬೨

ಪ್ರೀತಿಯ ಮಗಳು ಕಾಂತಿಗೆ, ಅಮ್ಮನ ಆಶೀರ್ವಾದಗಳು.

ಮಂಗಳೂರಿನಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ತಡವಾದುದಕ್ಕೆ ಮನ್ನಿಸು. ನಿವೃತ್ತಳಾದವಳಿಗೆ ಅದೇನು ಅಷ್ಟು ಕೆಲಸ ಎಂದು ಅಳಿಯಂದಿರು ನಗಬಹುದು. ಕೆಲಸವಿತ್ತು, ಮಗಳೇ! ನಮ್ಮ ಹೆಣ್ಣುಮಕ್ಕಳ ಶಾಲೆ ಉಳಿಯಿತು! ಬರುವ ಜೂನಿನಿಂದ ಆರನೆಯ ತರಗತಿಯೂ ಉಂಟು!

ಕ್ರಮವಾಗಿ ಹೇಳುತ್ತೇನೆ. ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಹತ್ತಿರದ ಗಂಡುಮಕ್ಕಳ ಶಾಲೆಗಳೊಂದಿಗೆ ಸೇರಿಸಬೇಕೆಂದು ತಾಲೂಕು ಬೋರ್ಡು ಯೋಚಿಸುತ್ತಿತ್ತು. ಹಾಗಾದರೆ ಇಲ್ಲಿಯ ಎಷ್ಟೋ ತಂದೆತಾಯಿಗಳು ಹುಡುಗಿಯರನ್ನು ಮನೆಯಲ್ಲೇ ಕುಳ್ಳಿರಿಸುತ್ತಾರೆಂಬುದನ್ನು ನೀನು ಬಲ್ಲೆ. ತನಿಖೆಗೆ ಬಂದವರು ಘಟ್ಟದ ಮೇಲಿನ ಹೊಸ ಇನ್‌ಸ್ಪೆಕ್ಟರು. ಬಂದ ದಿನ ಯಾವುದು ಬಲ್ಲೆಯಾ? ಆಟಿ ಅಮಾವಾಸ್ಯೆ! ನಮ್ಮ ತುಳುನಾಡಿನ ಈ ಹಬ್ಬ ಬೆಂಗಳೂರಿನ ರಜೆಯ ಪಟ್ಟಿಯಲ್ಲಿಲ್ಲ. ಊರಿನ ಮಕ್ಕಳೆಲ್ಲ ಮುಂಜಾನೆಯೇ ಪದ್ಧತಿಯಂತೆ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಮೆಂತೆಗಂಜಿ ಉಂಡು, ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಶಾಲೆಯಲ್ಲಿದ್ದವರು ಜೀನಸು ಅಂಗಡಿಯ ಮೂಸಾ ಬ್ಯಾರಿಗಳ ಮಗಳು ನಬೀಸಾ ಮತ್ತು ಅವಳ ನೆರೆಕರೆಯ ಬ್ಯಾರಿ ಹುಡುಗಿಯರು ಮಾತ್ರ; ಮುಸಲ್ಮಾನರಿಗೆ ಈ ಹಬ್ಬವಿಲ್ಲವಲ್ಲ. "ಮಕ್ಕಳು ಬರುವುದಿಲ್ಲ, ಶಾಲೆ ಅನಗತ್ಯ" ಎಂದು ವರದಿ ಹೋಯಿತು.

ನನ್ನ ಸ್ಥಾನಕ್ಕೆ ಬಂದ ಅಮ್ಮಣ್ಣಿ ಟೀಚರು ಅಳುತ್ತಾ ಓಡಿಬಂದಳು. "ಅಳುವುದನ್ನು ನಿಲ್ಲಿಸು, ಸೀರೆ ಬದಲಾಯಿಸು, ಬೆಳ್ತಂಗಡಿಗೆ ಹೋಗುವ" ಎಂದೆ. ಮೂಸಾ ಬ್ಯಾರಿಗಳೂ ಅಂಗಡಿಯ ಬಾಗಿಲು ಹಾಕಿ ನಮ್ಮೊಂದಿಗೆ ಬಸ್ಸು ಹತ್ತಿದರು.

ಬೋರ್ಡಿನ ಸಭೆಯಲ್ಲಿ ಅಧ್ಯಕ್ಷ ಮುಂಡಪ್ಪ ಶೆಟ್ಟರು ವರದಿಯನ್ನು ಓದಿಸಿದರು. ಇನ್‌ಸ್ಪೆಕ್ಟರೂ ಅಲ್ಲಿಯೇ ಇದ್ದರು. ನಾನು ಎದ್ದು ನಿಂತು, "ಶೆಟ್ಟರೇ, ಆ ದಿನ ನೀವು ಈ ಕುರ್ಚಿಯಲ್ಲಿ ಕುಳಿತಿದ್ದಿರೋ?" ಎಂದು ಕೇಳಿದೆ.

"ನಾನಾ? ಆಟಿ ಅಮಾವಾಸ್ಯೆಗೆ ಕಚೇರಿಗೆ ಯಾರು ಬರ್ತಾರೆ ಟೀಚರೇ? ಕಷಾಯ ಕುಡಿದು ಮಲಗಿದ್ದೆ!"

"ಹಾಗಾದರೆ ಬೋರ್ಡನ್ನೂ ಯಾವುದಾದರೂ ಗಂಡುಮಕ್ಕಳ ಶಾಲೆಯೊಂದಿಗೆ ಸೇರಿಸಿಬಿಡಿ" ಎಂದೆ.

ಸಭೆಗೆ ಸಭೆಯೇ ನಕ್ಕಿತು! ಇನ್‌ಸ್ಪೆಕ್ಟರು ಮಾತ್ರ ಗಾಬರಿಯಿಂದ, "ಅದೇನು ಕಷಾಯ?" ಎಂದು ಕೇಳಿದರು. ಮೂಸಾ ಬ್ಯಾರಿಗಳು ಬಿಡುವವರೇ? "ಸ್ವಾಮೀ, ಬ್ಯಾರಿಗಳು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ ಅಂತ ಇಷ್ಟು ವರ್ಷ ನಿಮ್ಮ ಇಲಾಖೆಯವರೇ ಹೇಳ್ತಿದ್ರು. ಈಗ ನಮ್ಮ ಮಕ್ಕಳು ಮಾತ್ರ ಬಂದರು ಅಂತ ಶಾಲೆಯನ್ನೇ ಮುಚ್ಚುವುದಾ ಮಾರಾಯ್ರೇ?" ಎಂದರು. ಇನ್‌ಸ್ಪೆಕ್ಟರು ಸಜ್ಜನರು. ತಾವೇ ನಕ್ಕು, ಇನ್ನೊಮ್ಮೆ ಬಂದು ನೋಡುವುದಾಗಿ ಒಪ್ಪಿದರು.

ಅವರು ಬಂದ ದಿನ ಬೆಂಚು ಸಾಲದೆ ಮಕ್ಕಳು ಜಗಲಿಯಲ್ಲಿ ಕುಳಿತಿದ್ದರು. ನಬೀಸಾಳನ್ನು ಎಬ್ಬಿಸಿ ಒಂದು ಪದ್ಯ ಹೇಳೆಂದರು. ಒಂದು ಸಾಲೂ ತಪ್ಪಲಿಲ್ಲ, ಉಸಿರೂ ಕಟ್ಟಲಿಲ್ಲ! ಮೊನ್ನೆ ಆಜ್ಞೆ ಬಂತು. ಅಮ್ಮಣ್ಣಿ ಊರಿಗೆಲ್ಲ ಬೆಲ್ಲ ಹಂಚಿದಳು. ನಾನೂ ತಿಂದೆ, ವೈದ್ಯರಿಗೆ ಹೇಳಬೇಡ.

ಅಳಿಯಂದಿರಿಗೆ ನನ್ನ ಶುಭಾಶೀರ್ವಾದಗಳು. ಮಗು ಸುಗುಣಳ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ಜಿನೇಶ್ವರನು ನಿಮ್ಮೆಲ್ಲರನ್ನು ಕಾಪಾಡಲಿ.

ನಿನ್ನ ಅಮ್ಮ,
ಶಶಿಪ್ರಭಾ

ತಾ.ಕ.: ಸಭೆ ಮುಗಿಯುವಾಗ ಮುಂಡಪ್ಪ ಶೆಟ್ಟರು ನನ್ನನ್ನು ತಿರುಗಿ ಚುಚ್ಚಿದರು: "ಅದೆಲ್ಲ ಸರಿ ಟೀಚರೇ, ನಿಮ್ಮ ಮೊಮ್ಮಗಳು ಯಾವ ಶಾಲೆಗೆ?" ಮಗುವನ್ನು ನನ್ನಲ್ಲೇ ಬಿಟ್ಟು ಓದಿಸುತ್ತೇವೆಂದು ನೀವು ಹೇಳಿದ್ದಿರಲ್ಲ, "ಇದೇ ಶಾಲೆಗೆ, ಬರುವ ಜೂನಿಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ನಿನ್ನೆ ಮೂಡುಬಿದಿರೆಯಿಂದ ನಿನ್ನ ಅತ್ತೆಯವರು ಬಂದಿದ್ದರು. ಸುಗುಣಳ ಹೆಸರನ್ನು ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಕೊಟ್ಟಾಯಿತಂತೆ. ನನಗೆ ತಿಳಿದೇ ಇರಬಹುದೆಂದು ಅವರು ಭಾವಿಸಿದ್ದರು. ಮಗು ನಿಮ್ಮದು, ನಾನು ಒತ್ತಾಯಿಸುವವಳಲ್ಲ. ಆದರೆ ಮೂಸಾ ಬ್ಯಾರಿಗಳು ಇಂದು ಬೆಳಿಗ್ಗೆ ತಮ್ಮ ಕಿರಿಯ ಮಗಳನ್ನು ಕರೆತಂದು, "ಜೂನಿಗೆ ಇವಳನ್ನು ನಿಮ್ಮ ಮೊಮ್ಮಗಳ ಪಕ್ಕದಲ್ಲೇ ಕುಳ್ಳಿರಿಸಬೇಕು ಟೀಚರೇ" ಎಂದು ಕೇಳಿಕೊಂಡರು. "ಆಗಲಿ" ಎಂದೆ.