ಗುರುವಿನ ಹೆಸರಿಗೆ ಬಿಟ್ಟ ಜಾಗ

ಪ್ರೀತಿಯ ಅತ್ತೆಗೆ,

ನಮ್ಮ ನೃತ್ಯದ ಕರಪತ್ರ ಬರುವ ಸೋಮವಾರ ಅಚ್ಚಿಗೆ ಹೋಗುತ್ತದೆ. ನನ್ನ ಗುರುವಿನ ಹೆಸರಿನ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ. "ಆಫ್ರಿಕಾದ ಕುಣಿತ ಬೆರೆಸಿ ಬೆನ್ನು ಬಳುಕಿಸೋದಾದ್ರೆ ನನ್ನ ಹೆಸರು ಹಾಕ್ಬೇಡ ಕಣೇ" ಎಂದು ನೀವು ಫೋನಿನಲ್ಲಿ ಹೇಳಿದ್ದನ್ನು ಮರೆತಿಲ್ಲ.

ಆ ಖಂಡದಿಂದ ಬಂದ ನನ್ನ ಜೊತೆಗಾತಿ ಅಭ್ಯಾಸದ ಮೊದಲ ದಿನವೇ ಗೇಲಿ ಮಾಡಿದಳು: "ಏನೇ, ಕೋಲು ನುಂಗಿ ಬಂದಿದ್ದೀಯಾ?"

"ನಮ್ಮತ್ತೆ ನುಂಗಿಸಿದ್ದು, ಈಗ ಈಚೆ ಬರಲ್ಲ" ಎಂದೆ.

ನನ್ನ ಬೆನ್ನು ಬಳುಕಲಿಲ್ಲ, ಅವಳದು ನೆಟ್ಟಗೆ ನಿಲ್ಲಲಿಲ್ಲ. ಕೈಚೆಲ್ಲಿ ಕೂತಿದ್ದೆವು.

ನಮ್ಮ ನೃತ್ಯದ ಕಥೆ ಮುಂದಿನ ಶತಮಾನದ್ದು. ತೂಕವೇ ಇಲ್ಲದ ಆಕಾಶನೌಕೆಯಲ್ಲಿ ಹುಟ್ಟಿದ ಮಗುವಿಗೆ ಅಜ್ಜಿಯರ ಪಾತ್ರದಲ್ಲಿ ನಾವಿಬ್ಬರೂ ನೆಲ ಎಂದರೇನೆಂದು ಕುಣಿದು ತೋರಿಸಬೇಕು. ಹೇಗೆಂದು ತಿಳಿಯದೆ, ಮೊನ್ನೆ ಇಬ್ಬರೂ ಚಿಕ್ಕಂದಿನ ಮೊದಲ ಪಾಠವನ್ನೇ ಮಾಡಿನೋಡಿದೆವು. ನಾನು ಅರೆಮಂಡಿಗೆ ಇಳಿದೆ. ಪಕ್ಕಕ್ಕೆ ನೋಡಿದರೆ ಅವಳೂ ಮಂಡಿ ಮಡಿಸಿ ಅಷ್ಟೇ ಕೆಳಗಿದ್ದಳು! ಅವಳಿಗೆ ಕುಣಿತ ಕಲಿಸಿದ ಅಜ್ಜಿ "ನೆಲಕ್ಕೆ ಹತ್ತಿರ ಇರು" ಎಂದು ಹೆಗಲು ಒತ್ತುತ್ತಿದ್ದರಂತೆ. ನೀವೂ ಹಾಗೆಯೇ ಒತ್ತುತ್ತಿದ್ದಿರಿ. ಈಗ ನಮ್ಮ ನೃತ್ಯ ಶುರುವಾಗುವುದೇ ಅಲ್ಲಿಂದ.

ಆಮೇಲೆ ಬೆನ್ನು ಬಳುಕುತ್ತದೆ, ಮುಚ್ಚಿಡುವುದಿಲ್ಲ. ಅದರ ಹೊಣೆ ನನ್ನದು.

ಅವಳಜ್ಜಿಯ ಹೆಸರು ಅಚ್ಚಾಗಲಿದೆ. ಪಕ್ಕದಲ್ಲಿ ನಿಮ್ಮದನ್ನು ಹಾಕಲೇ? ಬೇಡವೆನಿಸಿದರೆ ಒಂದು ಸಾಲು ಬರೆಯಿರಿ. ಆ ಜಾಗದಲ್ಲಿ ಬೇರೆ ಯಾರ ಹೆಸರನ್ನೂ ಹಾಕುವುದಿಲ್ಲ.

ಶಿಷ್ಯೆ ಎಂದು ಸಹಿ ಮಾಡುವುದನ್ನು ನಿಮ್ಮ ಉತ್ತರ ಬರುವವರೆಗೆ ತಡೆದಿದ್ದೇನೆ.

ಸದ್ಯಕ್ಕೆ,
ನಿಮ್ಮ ಅಣ್ಣನ ಮಗಳು